ಸ್ವಿಚ್ಚಿನ ಮೇಲಿನ ಕೈ

ಒಂದೇ ಒಂದು ಸಲ ಬಿಟ್ಟರೆ ನೀಲಮ್ಮ ಮೇಡಂ ಬೆನ್ನು ಆನಿಸಿ ಕೂತಿದ್ದನ್ನು ನಾನು ಕಂಡಿಲ್ಲ. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು, ಎಡಗೈ ಮೇನ್ ಸ್ವಿಚ್ಚಿನ ಮೇಲೆ. ರಾಯಚೂರಿನ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ನಾವು ಇಪ್ಪತ್ತು ಮಂದಿ ತಂತಿ ಜೋಡಿಸುತ್ತಿದ್ದರೆ ಅವರ ಕಣ್ಣು ನಮ್ಮ ಬೆರಳುಗಳ ಮೇಲೇ ಓಡಾಡುತ್ತಿತ್ತು. ಚೂರು ಅನುಮಾನ ಬಂದರೂ ಫಟ್ಟನೆ ಕರೆಂಟು ತೆಗೆದುಬಿಡುತ್ತಿದ್ದರು. ಆಮೇಲೆ ಹತ್ತಿರ ಬಂದು, ಏನು ಮಾಡುತ್ತಿದ್ದೆ ಎಂದು ವಿಚಾರಣೆ. ಹತ್ತು ಸಲದಲ್ಲಿ ಆರು ಸಲ ನಾವು ಮಾಡಿದ್ದು ಸರಿಯೇ ಇರುತ್ತಿತ್ತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಜೋರಾಗಿಯೇ ಕೇಳಿದೆ, ಮೊದಲು ನಮ್ಮನ್ನು ಕೇಳಬಾರದೇ ಎಂದು.

"ಕೇಳಿ ನಿಂದ್ರಸಬ್ಯಾಡ, ಈರಣ್ಣ. ನಿಂದ್ರಸಿ ಕೇಳು," ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಈ ಮಾತು ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಅವರ ತಾಯಿ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಹರಡುವ, ಕಸ ಗುಡಿಸುವ ಕೆಲಸ ಮಾಡುತ್ತಿದ್ದರು. ಒಂದು ದಿನ ಜೊತೆಯವಳ ಸೆರಗು ಯಂತ್ರದ ಬೆಲ್ಟಿಗೆ ಸಿಕ್ಕಿತು. ಗಂಡಸರೆಲ್ಲ ಸಾಹುಕಾರರನ್ನು ಕೇಳಿ ಬರಲು ಓಡಿದರೆ, ಈಯಮ್ಮ ಸೀದಾ ಹೋಗಿ ಸ್ವಿಚ್ಚು ಎಳೆದುಬಿಟ್ಟರು. ಕೂಲಿ ಹೆಂಗಸರು ಆ ಸ್ವಿಚ್ಚು ಮುಟ್ಟುವಂತಿರಲಿಲ್ಲವಂತೆ. ಯಂತ್ರದಲ್ಲಿ ಭತ್ತ ಸಿಕ್ಕಿಕೊಂಡಿತೆಂದು ಸಂಜೆಯವರೆಗೂ ಬೈಸಿಕೊಂಡರು. ಆದರೆ ಜೊತೆಯವಳ ಕೈ ಉಳಿಯಿತು. ಇದನ್ನು ಹೇಳುವಾಗ ಮೇಡಂ ಪ್ರತಿ ಸಲವೂ ಮುಖ ಆಚೆ ತಿರುಗಿಸುತ್ತಿದ್ದರು. ಅದನ್ನು ಮರೆಸಲು ಯಾರಿಗಾದರೂ ಬೈಯುತ್ತಿದ್ದರು, ಸಾಮಾನ್ಯವಾಗಿ ನನಗೇ.

ಓದು ಮುಗಿದ ಮೇಲೆ ನಾನು ಸೋಲಾರ್ ಪಂಪುಗಳನ್ನು ನಡೆಸುವ, ನಿಲ್ಲಿಸುವ ಕಂಟ್ರೋಲರ್ ಮಾಡಲು ಕೂತೆ. ಬಿಸಿಲಿಗೆ ನಮ್ಮಲ್ಲಿ ಏನು ಬರ! ದೇವದುರ್ಗದ ಕಡೆ ಒಂದು ಶಾಲೆಯ ಬೋರ್‌ವೆಲ್ಲಿಗೆ ಹಾಕಿದೆ. ಎರಡೇ ವಾರಕ್ಕೆ ಕಂಟ್ರೋಲರಿನ ಬೋರ್ಡು ಸುಟ್ಟಿತು. ಇನ್ನೊಂದು ಹಾಕಿದೆ, ಅದೂ ಸುಟ್ಟಿತು. ಅಡುಗೆಯ ಹೆಂಗಸರು ಬಿಸಿಯೂಟಕ್ಕೆ ಓಣಿಯ ನಲ್ಲಿಯಿಂದ ನೀರು ಹೊರುತ್ತಿದ್ದರು. ಇನ್ನೊಂದು ಸುಟ್ಟರೆ ನಿಮ್ಮ ಸಾಮಾನು ಕಟ್ಟಿಕೊಂಡು ಹೋಗಿರಿ ಎಂದು ಹೆಡ್‌ಮಾಸ್ತರರು ಮೆಲ್ಲಗೇ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು. ಸುಟ್ಟ ಬೋರ್ಡು ಹಿಡಿದು ಮೇಡಂ ಹತ್ತಿರ ಓಡಿದೆ.

ಅವರು ನನ್ನ ಪ್ರೋಗ್ರಾಮು ನೋಡಿದರು. ಮೋಟಾರಿಗೆ ಹೋಗುವ ಕರೆಂಟನ್ನು ಎಂಟು ಸಲ ಅಳೆದು, ಸರಾಸರಿ ತೆಗೆದು, ಮಿತಿ ಮೀರಿದ್ದರೆ ನಿಲ್ಲಿಸುವಂತೆ ಬರೆದಿದ್ದೆ. ಆ ಸರಾಸರಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ.

"ನೀ ಪಂಚಾಯ್ತಿ ಕೂಡಿಸಾಕತ್ತೀಯಲ್ಲೋ. ಎಂಟು ಮಂದಿ ಸಾಕ್ಷಿ ಹೇಳೂದ್ರಾಗ ಇದು ಸುಟ್ಟು ಬೂದಿ ಆಗಿರತದ. ಚಿಪ್ಪಿನಾಗ ಕಂಪ್ಯಾರೇಟರ್ ಅದ, ಅದನ್ನ ಯಾಕ ಕಟ್ಟಿ ಹಾಕಿದಿ?"

ಕಂಪ್ಯಾರೇಟರ್ ಎಂದರೆ ಬಹಳ ದಡ್ಡ ಪ್ರಾಣಿ. ಬೋರ್ಡಿನ ಮೇಲೆ ಪ್ರೋಗ್ರಾಮು ಓಡುವ ಚಿಪ್ಪಿನ ಒಳಗೇ ಒಂದು ಮೂಲೆಯಲ್ಲಿರುತ್ತದೆ. ಹರಿಯುವ ಕರೆಂಟು ಹೆಚ್ಚೋ, ನಾವು ಇಟ್ಟ ಗೆರೆ ಹೆಚ್ಚೋ, ಇಷ್ಟೇ ಅದಕ್ಕೆ ಗೊತ್ತು. ಗೆರೆ ದಾಟಿತೋ, ಪ್ರೋಗ್ರಾಮನ್ನು ಒಂದು ಮಾತೂ ಕೇಳದೆ ಮೋಟಾರಿನ ದಾರಿ ಮುಚ್ಚಿಬಿಡುತ್ತದೆ. ರೆಪ್ಪೆ ಬಡಿಯುವುದರ ಲಕ್ಷದಲ್ಲೊಂದು ಪಾಲು ಹೊತ್ತು ಸಾಕು ಅದಕ್ಕೆ. ನಾನು ಅದನ್ನು ಬಿಟ್ಟದ್ದಕ್ಕೆ ಕಾರಣವಿತ್ತು: ಮೊದಲ ದಿನ ಪಂಪು ಚಾಲೂ ಆಗುವಾಗ ಅದು ಸುಮ್ಮಸುಮ್ಮನೆ ಎರಡು ಸಲ ಅದನ್ನು ನಿಲ್ಲಿಸಿತ್ತು, ಊರವರು ನಕ್ಕಿದ್ದರು. ಆ ನಗುವಿಗೆ ಹೆದರಿ ಅದನ್ನು ಬಂದ್ ಮಾಡಿದ್ದೆ.

"ನಗಲಿ ಬಿಡು," ಎಂದರು ಮೇಡಂ.

ಕಂಪ್ಯಾರೇಟರ್ ಚಾಲೂ ಮಾಡಿ ಮೂರನೆಯ ಬೋರ್ಡು ಹಾಕುವ ದಿನ ತಾವೇ ಬಂದರು. ಪಂಪು ಮೂರು ಸಲ ನಿಂತಿತು, ಊರವರು ಮೂರು ಸಲ ನಕ್ಕರು. ಮಧ್ಯಾಹ್ನ ಬೋರಿನಿಂದ ಉಸುಕು ಬಂದು ಮೋಟಾರು ಹಿಡಿದುಕೊಂಡಿತು. ಹೀಗೆ ಹಿಡಿದಾಗ ಕರೆಂಟು ಒಮ್ಮೆಲೇ ಏರಿಯೇ ಹಿಂದಿನ ಎರಡೂ ಸುಟ್ಟಿದ್ದವು. ಓಡಿ ಹೋಗಿ ಬೋರ್ಡು ನೋಡಿದೆ. ಹೊಗೆ ಬರಲಿಲ್ಲ. ಪಂಪು ಗಪ್‌ಚುಪ್ ನಿಂತಿತ್ತು. ಉಸುಕು ತೆಗೆದು ಮತ್ತೆ ಹಚ್ಚಿದರೆ ನೀರು ಟ್ಯಾಂಕಿಗೆ ಧುಮುಕಿತು. ಮೇಡಂ ಬೊಗಸೆಯೊಡ್ಡಿ ಕುಡಿದರು, ಪೈಪು ಸೊಟ್ಟಗಿದೆಯೆಂದು ಬೈದರು. ಅವರ ಕಾಲಿಗೆ ಬೀಳಬೇಕೆನಿಸಿತು. ಬಿದ್ದಿದ್ದರೆ ಅದಕ್ಕೂ ಬೈಯುತ್ತಿದ್ದರು.

ಕಳೆದ ವರ್ಷ ಬೇಸಿಗೆಯಲ್ಲಿ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ರಿಟೈರಾಗಿ ಮಾನ್ವಿಯಲ್ಲಿ ತಂಗಿಯ ಜೊತೆಗಿದ್ದರು. ಕಲ್ಲಿನ ಬೆಂಚಿನ ಮೇಲೆ ಪೂರ್ತಿ ಹಿಂದಕ್ಕೆ ಸರಿದು, ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಅದನ್ನು ಕಂಡೊಡನೆ ನನಗೆ ಏನೋ ಸರಿಯಿಲ್ಲ ಅನಿಸಿತು. ಹಣೆಯಲ್ಲಿ ಬೆವರು. ಎಡಗೈಯನ್ನು ಬಲಗೈಯಿಂದ ತಿಕ್ಕಿಕೊಳ್ಳುತ್ತಿದ್ದರು.

"ದವಾಖಾನಿಗೆ ಹೋಗೂಣೇನ್ರೀ ಮೇಡಂ?"

"ಪಿತ್ತ ಆಗ್ಯದ. ನಾಳಿ ನೋಡಿದ್ರಾತು."

ಮತ್ತೆ ಕೇಳಿದೆ. ತಲೆ ಅಲ್ಲಾಡಿಸಿದರು. ಮಾನ್ವಿಯ ಬಸ್ಸು ಬಂತು. ಅವರ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದೆ, ಮೆಟ್ಟಿಲ ಹತ್ತಿರ ಇನ್ನೊಮ್ಮೆ ಕೇಳಿದೆ. ನಕ್ಕು, ನಿನಗೆ ಬೇರೆ ಕೆಲಸವಿಲ್ಲವೇ ಎಂದು ಬೈದು, ಚೀಲಕ್ಕೆ ಕೈ ಚಾಚಿದರು. ಕೊಟ್ಟೆ.

ಬಸ್ಸು ಮಾನ್ವಿಯಲ್ಲಿ ನಿಂತಾಗ ಕಂಡಕ್ಟರು, ನಿದ್ದೆ ಹತ್ತಿರಬೇಕು ಎಂದುಕೊಂಡು ಎಬ್ಬಿಸಲು ಹೋದನಂತೆ.

ಈಗ ನನಗೂ ಒಂದು ಕಡೆ ಕೂರಲಾಗುವುದಿಲ್ಲ. ಕೆಲಸದ ನಡುವೆ ಎದ್ದು ನನ್ನ ಕಂಟ್ರೋಲರ್ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ತಿರುಗಿ ಬರುತ್ತೇನೆ. ಆಸ್ಪತ್ರೆಗೆ ಹೋಗಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಯಾರು ಬಲ್ಲರು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಚೀಲ ನನ್ನ ಕೈಯಲ್ಲಿತ್ತು. ಕೊಡದೆ ಹಿಡಿದು ನಿಂತಿದ್ದರೆ ಅವರು ಆ ಬಸ್ಸು ಹತ್ತುತ್ತಿರಲಿಲ್ಲ. ನಾನು ಮೂರು ಸಲ ಕೇಳಿದೆ.