ಗೋದಲಿಯ ಹಲಗೆಯ ಮೇಲಿನ ಕಣ್ಣುಗಳು

ಹಳೆಯ ಸ್ಲೈಡುಗಳ ಪೆಟ್ಟಿಗೆ ತೆರೆದೆ. ಫಿನಾಲ್ ವಾಸನೆ ಬಂತು. ನಮ್ಮ ಸಸ್ಯಶಾಸ್ತ್ರದ ಸರ್ ಬೆರಳುಗಳಿಗೆ ಯಾವಾಗಲೂ ಇದೇ ವಾಸನೆಯಿತ್ತು...

ಎಂಬತ್ತರ ದಶಕದ ಕೊನೆ. ನಾನು ಅಥಣಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹಾರೂಗೇರಿಯ ಆಚೆಗಿನ ನಮ್ಮೂರಿನಲ್ಲಿ, ಆ ಮಳೆಗಾಲ, ನಮ್ಮ ಎರಡು ಎಮ್ಮೆ ಸತ್ತವು. ಅದೇ ವಾರ, ಮೇವು ಹಾಕುವ ಗೋದಲಿಯ ಕೊಳೆತ ಹಲಗೆಯ ಮೇಲೆ ಕೆಂಪು ಕಣ್ಣುಗಳು ಮೂಡಿದವು. ಜೋಳದ ಕಾಳಿನಷ್ಟು, ಸುತ್ತ ಕಪ್ಪು ರೆಪ್ಪೆಗೂದಲು.

"ಯಾರೋ ಮಾಟ ಮಾಡಿಸ್ಯಾರ," ಎಂದ ಅಪ್ಪ. ಎಲ್ಲರೂ ಪಕ್ಕದ ಮನೆಯ ಕಾಕೂನತ್ತ ನೋಡಿದರು. ಗಂಡನಿಲ್ಲದ ಆಕೆ ದಿನಾ ಮಜ್ಜಿಗೆಗೆ ಬರುತ್ತಿದ್ದಳು. ಅವಳನ್ನು ಓಣಿ ಬಿಡಿಸುವ ಮಾತು ಶುರುವಾಯಿತು. ಹೆದರಿ, ಸರ್ ಬಳಿ ಓಡಿದೆ.

ಸೂಕ್ಷ್ಮದರ್ಶಕವನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅಂಗಳದ ಬಿಸಿಲಿನಲ್ಲಿ ಒಂದು ಕಣ್ಣನ್ನು ಬ್ಲೇಡಿನಿಂದ ಸೀಳಿ ಗಾಜಿನಡಿ ಒತ್ತಿದರು.

"ಬಟ್ಟಲದಂಥಾ ಅಣಬಿ ಇದು. ಈ ಕೂದಲದ ಬುಡ ಬೇರಿನಂಗ ಕವಲ ಒಡದೈತಿ, ಅದs ಗುರುತು. ಒಳಗಿನ ಒಂದೊಂದ ನಳಿಗ್ಯಾಗ ಎಂಟೆಂಟ ಬೀಜ ಇರ್ತಾವ. ಹಸಿ ಕಟಗಿ ಇದ್ದಲ್ಲಿ ಯಾರ ಮನ್ಯಾಗರೆ ಬರ್ತೈತ್ರಿ. ನೀವs ನೋಡ್ರಿ."

ಅಪ್ಪ ಬಗ್ಗಿ ನೋಡಿದ. ತಟ್ಟನೆ ಹಿಂದೆ ಸರಿದು ಕೂಗಿದ: "ಒಳಗೂ ಕಣ್ಣ ಅದಾವು! ಒಂದರ ಕೆಳಗೊಂದು, ಎಂಟ!"

ಪ್ರತಿ ಬೀಜದೊಳಗೂ ಕಣ್ಣುಗುಡ್ಡೆಯಂತೆ ಹೊಳೆಯುವ ಎಣ್ಣೆಯ ಹನಿ...

"ಎಂಟ ಕಣ್ಣ ಅಂದ್ರ ನಾಕ ಮಂದಿ ನಿಂತಾರ ಬಿಡೋ ಒಳಗ!" ಎಂದ ಯಾರೋ. ಯಾರೂ ನಗಲಿಲ್ಲ. "ಎಣ್ಣಿ ಹನಿರಿ ಅದು, ಎಣ್ಣಿ..." ಎನ್ನುತ್ತಲೇ ಇದ್ದರು ಸರ್. ಅಂಗಳ ಖಾಲಿಯಾಯಿತು. ಸಂಜೆಯೊಳಗೆ ಕಾಕೂನ ಬಾಗಿಲಿಗೆ ಕೀಲಿ ಬಿದ್ದಿತ್ತು.

ಬಸ್ಸು ಕಾಯುವಾಗ ಸರ್ ಇಷ್ಟೇ ಅಂದರು: "ನಾ ಬರಬಾರದಿತ್ತು."

ಮುಂದೆ ನಾನೂ ಸಸ್ಯಶಾಸ್ತ್ರ ಕಲಿಸುವವನಾಗಿ, ಈ ಕಥೆಯನ್ನು ಎಷ್ಟೋ ತರಗತಿಗಳಲ್ಲಿ ಹೇಳಿ ನಗಿಸಿದ್ದೇನೆ. ಮೊನ್ನೆ ಅಪ್ಪನ ಎದುರೇ ಹೇಳಿದೆ. ಆತ ನಗಲಿಲ್ಲ.

"ನಾ ಎಲ್ಲಿ 'ಕಣ್ಣ ಅದಾವು' ಅಂತ ಒದರೇನಲೇ? ನನಗ ಅದರಾಗ ಬರೇ ಕತ್ತಲಿ ಕಂಡಿತ್ತು. ಒದರಿದಾಂವ ನೀನs ಅಲ್ಲೇನು?"

ಮುದುಕನ ಮರೆವು ಎಂದುಕೊಂಡೆ. ಆದರೆ ಆ ಅಂಗಳದಲ್ಲಿ ಸರ್ ಬಿಟ್ಟರೆ, ಸೂಕ್ಷ್ಮದರ್ಶಕದ ತಿರುಪು ತಿರುಗಿಸಿ ಆ ಎಂಟನ್ನು ಸ್ಪಷ್ಟವಾಗಿ ಕಾಣಬಲ್ಲವನು ನಾನೊಬ್ಬನೇ ಇದ್ದೆ... ಕೇಳೋಣವೆಂದರೆ ಸರ್ ತೀರಿಕೊಂಡು ವರ್ಷಗಳಾದವು. ಕಾಕೂ ಎಲ್ಲಿಗೆ ಹೋದಳೆಂದು ವಿಚಾರಿಸಲು ನನಗೆ ಇಂದಿಗೂ ಅಂಜಿಕೆ.