ಬಲೆ ಹತ್ತದೆ ಉಳಿದದ್ದು

ಹಳೆಯ ಕಂಪ್ಯೂಟರನ್ನು ಹಾಳು ಮಾಡಿದ್ದು ನಾನೇ ಎಂದು ನನ್ನ ತಮ್ಮನಿಗೆ ಎರಡು ವರ್ಷ ಹೇಳಲಿಲ್ಲ. ತಪ್ಪು ತನ್ನದೆಂದು ಅವನು ನನ್ನೆದುರೇ ಕೊರಗುತ್ತಿದ್ದ. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ನಾನು ಓದಿದ್ದು ಐದನೇ ಕ್ಲಾಸು. ಹುತ್ತೂರಿನ ಹತ್ತಿರ ನಮ್ಮ ರೇಷ್ಮೆ ಮನೆಯಲ್ಲಿ ಹುಳ ಸಾಕುತ್ತೇನೆ. ತಮ್ಮ ಮುಳಬಾಗಿಲಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಹಳೆಯ ಕಂಪ್ಯೂಟರ್ ಒಂದನ್ನು ತಂದು ಹುಳದ ಮನೆಯ ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡಿದ್ದ. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬಂದು ಅದರ ಮುಂದೆ ಕೂರುತ್ತಿದ್ದ. ಆ ಒಂದೇ ಪೆಟ್ಟಿಗೆಯೊಳಗೆ ನಾಲ್ಕು ಕಂಪ್ಯೂಟರ್‌ಗಳಿವೆ, ಅವಕ್ಕೆ ವರ್ಚುಯಲ್ ಮೆಷಿನ್ ಅನ್ನುತ್ತಾರೆ, ನಾಲ್ಕನ್ನೂ ಹೈಪರ್‌ವೈಸರ್ ಅನ್ನೋ ಯಜಮಾನ ಸಾಕುತ್ತಾನೆ ಎಂದು ಹೇಳಿದ್ದ.

"ಕಣ್ಣಿಗೆ ಕಾಣ್ದಿರೋ ಮಕ್ಕಳ್ನ ಸಾಕ್ತೀಯಲ್ಲೋ, ಅವಕ್ಕಿಂತ ನನ್ನ ಹುಳಾನೇ ವಾಸಿ" ಅಂದಿದ್ದೆ.

"ನಿನ್ನ ಹುಳ ತಿಂಗಳಿಗೊಂದ್ಸಲ ಸಾಯ್ತವೆ. ನನ್ನವು ಸಾಯಲ್ಲ ಕಣಕ್ಕ" ಅಂದು ನಕ್ಕಿದ್ದ.

ಆ ನಾಲ್ಕರಲ್ಲಿ ಒಂದು ಅಮ್ಮನದು. ಹುಳದ ಮನೆಯ ಬಾಗಿಲ ಬಳಿ ಅವನು ಮೈಕು, ಸ್ಪೀಕರು, ಎರಡು ಗುಂಡಿ ಕೂರಿಸಿದ್ದ. ಕೆಂಪು ಗುಂಡಿ ಒತ್ತಿ ಅಮ್ಮ ದಿನವೂ ಶಾಖ ಎಷ್ಟು, ಎಷ್ಟು ಸಲ ಸೊಪ್ಪು ಕೊಟ್ಟೆವು ಎಂದು ಹೇಳುತ್ತಿದ್ದಳು; ಅವಳ ದನಿ ಆ ಮೆಷಿನ್ನಿನಲ್ಲಿ ಉಳಿಯುತ್ತಿತ್ತು. ಜೊತೆಗೆ ನನ್ನ ಮೇಲಿನ ದೂರುಗಳೂ ಇರುತ್ತಿದ್ದವು. "ಈ ಪೊದ್ದು ಪುರುಗುಲು ಬಾಗ ತಿಂಟುನ್ನಾಯಿ" ಎಂದು ತೆಲುಗಿನಲ್ಲಿ, ಇವತ್ತು ಚೆನ್ನಾಗಿ ತಿನ್ನುತ್ತಿವೆಯೆಂದು ಹುಳಗಳನ್ನು ಹೊಗಳಿ, "ಇವಳೊಬ್ಬಳು ಇನ್ನೂ ಎದ್ದಿಲ್ಲ" ಎಂದು ಕನ್ನಡದಲ್ಲಿ ನನ್ನನ್ನು ಬೈಯುತ್ತಿದ್ದಳು. ಅವಳು ತೀರಿಹೋದ ಮೇಲೆ ನಾನು ಬೆಳಿಗ್ಗೆ ಮೊದಲ ಸೊಪ್ಪು ಹಾಕುವಾಗ ಹಸಿರು ಗುಂಡಿ ಒತ್ತುತ್ತಿದ್ದೆ. ಯಾವುದೋ ಒಂದು ದಿನದ ಅಮ್ಮ ಮಾತಾಡುತ್ತಿದ್ದಳು. ಬೈದ ದಿನವೇ ಬರಲಿ ಎಂದು ಆಸೆಪಡುತ್ತಿದ್ದೆ.

ಪೆಟ್ಟಿಗೆಗೆ ವಯಸ್ಸಾಯಿತೆಂದು ತಮ್ಮ ಹೊಸದೊಂದು ತಂದ. ಅದರಲ್ಲಿ ಬೇರೆ ಹೈಪರ್‌ವೈಸರ್. ಹಳೆಯದರಲ್ಲಿರುವ ಮೆಷಿನ್‌ಗಳನ್ನು ಹೊಸ ಯಜಮಾನನಿಗೆ ಒಗ್ಗುವ ಹಾಗೆ ಬದಲಾಯಿಸಿ ಸಾಗಿಸಬೇಕು.

"ನೀನು ಹುಳದ ಹಾಸಿಗೆ ಬದಲಾಯಿಸ್ತೀಯಲ್ಲ, ಹಂಗೇ ಅಕ್ಕ" ಅಂದ.

ಅದು ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಹುಳದ ಮೇಲೆ ಬಲೆ ಹಾಸಿ ಹೊಸ ಸೊಪ್ಪು ಹಾಕಿದರೆ ಹಸಿದ ಹುಳಗಳೆಲ್ಲ ಮೇಲೆ ಹತ್ತುತ್ತವೆ. ಬಲೆ ಎತ್ತಿ ಹೊಸ ತಟ್ಟೆಗೆ ಇಡುತ್ತೇವೆ. ಹತ್ತದೆ ಕೆಳಗೆ ಉಳಿದವು ರೋಗದ ಹುಳ. ಅವನ್ನು ಹಳೆಯ ಹಾಸಿಗೆಯ ಜೊತೆಗೇ ಎಸೆದು ತಟ್ಟೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯುತ್ತೇವೆ.

ಆ ಭಾನುವಾರ ಮೂರು ಮೆಷಿನ್ ಸಾಗಿಸಿದ. "ಅಮ್ಮಂದು ಕೊನೇಗೆ. ಮುಂದಿನ ಭಾನುವಾರ ನಿಧಾನಕ್ಕೆ ಮಾಡ್ತೀನಿ. ಅಲ್ಲೀವರ್ಗೂ ಹಳೇದನ್ನ ಮುಟ್ಬೇಡ" ಎಂದು ಬಾಗಿಲಲ್ಲಿ ನಿಂತು ಹೇಳಿ ಬಸ್ಸಿಗೆ ಓಡಿದ. ನಾನು ಗೂಡು ಬಿಡಿಸುತ್ತಾ ಹೂಂಗುಟ್ಟಿದೆ. ಅರ್ಧವೇ ಕಿವಿಗೆ ಬಿದ್ದಿತ್ತು.

ಮಂಗಳವಾರ ತೊಳೆಯುವ ದಿನ. ಹಿಂದಿನ ಬೆಳೆಯಲ್ಲಿ ರೋಗ ಬಂದು ಅರ್ಧ ಹುಳ ಹೋಗಿತ್ತು. ಮರುದಿನ ಹೊಸ ಮರಿ ಬರಬೇಕು. ಗೋಡೆ, ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಎಲ್ಲಕ್ಕೂ ಪಂಪಿನಲ್ಲಿ ಬ್ಲೀಚಿಂಗ್ ನೀರು ಹೊಡೆದೆ. ಪಕ್ಕದ ಕೋಣೆಯಲ್ಲಿ ಹೊಸ ಪೆಟ್ಟಿಗೆಯ ದೀಪ ಹಸಿರಾಗಿ ಉರಿಯುತ್ತಿತ್ತು. ಎಲ್ಲ ಹತ್ತಿದವು, ಹಳೆಯದು ಖಾಲಿ ತಟ್ಟೆ ಅಂದುಕೊಂಡೆ. ಹೊಸದಕ್ಕೆ ಗೋಣಿ ಹೊದಿಸಿದೆ. ಹಳೆಯದರ ವೈರು ಕಿತ್ತೆ. ಬಿಸಿಯಾಗುತ್ತದೆಂದು ಅವನು ಅದರ ಮುಚ್ಚಳ ತೆಗೆದೇ ಇಟ್ಟಿದ್ದ. ಒಳಕ್ಕೂ ಹೊಡೆದೆ.

ಬುಧವಾರ ಬೆಳಿಗ್ಗೆ ಹಸಿರು ಗುಂಡಿ ಒತ್ತಿದೆ. ಅಮ್ಮ ಮಾತಾಡಲಿಲ್ಲ. ಇನ್ನೊಮ್ಮೆ ಒತ್ತಿದೆ. ಅಮ್ಮಂದು ಕೊನೇಗೆ ಅಂದದ್ದು ಆಗ ನೆನಪಾಯಿತು. ಹೋಗಿ ಹಳೆಯ ಪೆಟ್ಟಿಗೆಯನ್ನು ಸೀರೆಯ ಸೆರಗಿನಲ್ಲಿ ಒರೆಸಿ, ಬಿಸಿಲಿಗಿಟ್ಟು, ಮೊದಲಿದ್ದ ಜಾಗದಲ್ಲೇ ಇಟ್ಟು ವೈರು ಸಿಕ್ಕಿಸಿದೆ. ಚಟ್ ಅಂದಿತು, ಅಷ್ಟೆ.

ಭಾನುವಾರ ತಮ್ಮ ಸಂಜೆಯವರೆಗೆ ಅದರ ಮುಂದೆ ಕೂತಿದ್ದ. ಅಮ್ಮನ ಮಾತಿನ ನಕಲೂ ಅದೇ ಪೆಟ್ಟಿಗೆಯ ಇನ್ನೊಂದು ಡಿಸ್ಕಿನಲ್ಲಿತ್ತಂತೆ. ಕೋಣೆಯೆಲ್ಲ ಬ್ಲೀಚಿಂಗ್ ವಾಸನೆ. ಆದರೆ ನಮ್ಮ ಹುಳದ ಮನೆಗೆ ಬೇರೆ ಯಾವ ವಾಸನೆ ಇದ್ದೀತೆಂದು ಅವನು ಅನುಮಾನಪಡಲಿಲ್ಲ.

"ಮೂರನ್ನೂ ಒಂದೇ ದಿನ ಎಳೆದು ಎರಡೂ ಹಳೇ ಡಿಸ್ಕನ್ನ ಸಾಯಿಸ್ಬಿಟ್ಟೆ ಕಣಕ್ಕ. ಅಮ್ಮಂದು ಮೊದಲು ತೆಗೀಬೇಕಿತ್ತು."

"ಇರ್ಬೋದೇನೋ" ಅಂದೆ. ನಾನು ಆಡಿದ್ದು ಅದೊಂದೇ ಮಾತು.

ಎರಡು ಪೆಟ್ಟಿಗೆಗಳನ್ನೂ ಅವನು ಮುಳಬಾಗಿಲಿಗೆ ಒಯ್ದ. ಭಾನುವಾರಗಳು ತಪ್ಪಿದವು; ಹಬ್ಬಕ್ಕೆ ಬಂದಾಗಲೂ ಅದೇ ಕೊರಗು. ಮೊದಲ ಬಸ್ಸಿನ ಹಾರ್ನ್ ಕೇಳಿದಾಗ ನಾನು ಇನ್ನೂ ಎರಡು ಲೋಟ ಕಾಫಿಗೆ ನೀರಿಡುತ್ತಿದ್ದೆ. ಅಮ್ಮನ ದನಿಗಾಗಿ ಅಳುವುದಕ್ಕೂ ನನಗೆ ಹಕ್ಕಿಲ್ಲ ಅನ್ನಿಸುತ್ತಿತ್ತು. ಹೋದ ತಿಂಗಳು ಫೋನಿನಲ್ಲಿ, ಹೊಸ ಪೆಟ್ಟಿಗೆಯನ್ನೂ ಮುಚ್ಚಿಟ್ಟಿದ್ದೇನೆ, ಅದರ ಮೇಲೆ ಕೈ ಹೋಗುವುದಿಲ್ಲ ಅಂದ. ಆ ಕೆಲಸ ಎಂದರೆ ಊಟ ಮರೆಯುತ್ತಿದ್ದವನು.

ಮರುದಿನ ಸೊಪ್ಪು ಹಾಕಿ, ಕೋಲಾರದಲ್ಲಿ ಬಸ್ಸು ಬದಲಿಸಿ ಅವನ ಮನೆಗೆ ಹೋದೆ. ಹಳೆಯ ಪೆಟ್ಟಿಗೆ ತೋರಿಸು ಅಂದೆ. ಅಟ್ಟದಿಂದ ಇಳಿಸಿದ. ಒಳಗೆ ಕೆಳಮೂಲೆಯ ತಗಡಿನ ಮೇಲೆ, ಅವತ್ತು ನನ್ನ ಸೆರಗು ತಲುಪದ ಕಡೆ, ಬಿಳಿ ಕಲೆ ಹಾಗೇ ಇತ್ತು. ಬೆರಳಿನಿಂದ ಉಜ್ಜಿ ಅವನ ಮೂಗಿನ ಹತ್ತಿರ ಹಿಡಿದೆ. ಅವನು ಮೂಸಿ ನೋಡಿ ನನ್ನ ಮುಖವನ್ನೇ ನೋಡಿದ.

"ನಿನ್ನ ತಪ್ಪಲ್ಲ ಕಣೋ. ಬ್ಲೀಚಿಂಗ್ ನೀರು ಹೊಡೆದಿದ್ದು ನಾನು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಅಮ್ಮನ್ನ ಕಳೆದೋಳು ನಾನು, ನಿನ್ನ ಕೈ ಕಟ್ಟಿ ಹಾಕ್ದೋಳೂ ನಾನೇ. ತಪ್ಪಾಯ್ತು, ನನ್ನ ಕ್ಷಮ್ಸು."