ಹಸಿ ಹಣೆಯ ಕುಂಕುಮ

ಮರಾಠಿ ಊರಾದ ನಿಗಡಿಯ ನಮ್ಮ ಕೆಳಮನೆಯಲ್ಲಿ ಗೋವೆ ಕಡೆಯ ಕ್ರೈಸ್ತ ಆಂಟಿಯೊಬ್ಬರಿದ್ದಾರೆ. ನನಗೆ ಡೆಂಗಿ ಬಂದಾಗ ದಿನವೂ ಗಂಜಿ ತಂದುಕೊಟ್ಟವರು. ಅವರ ದೇವರ ಮೂಲೆಯ ಮೇರಿಯಮ್ಮನ ಪಟವನ್ನು ಗೋಡೆಯ ತೇವ ತಿಂದುಹಾಕಿದಾಗ, ಎಣ್ಣೆಬಣ್ಣದಲ್ಲಿ ಹೊಸದು ಬರೆದುಕೊಡುತ್ತೇನೆಂದು ನಾನೇ ಮಾತು ಕೊಟ್ಟೆ. ಮಹಿಳಾ ಮಂಡಳದ ಚಿತ್ರಕಲೆ ಕ್ಲಾಸಿನಲ್ಲಿ ನಾನು ಅಲ್ಲಿಯವರೆಗೆ ಬರೆದದ್ದು ಹೂಜಿ ಮತ್ತು ಪಪ್ಪಾಯಿ. ಬುದ್ಧಿ ಕೊಡಲು ಮರೆತರೂ ದೇವರು ಧೈರ್ಯವನ್ನಂತೂ ಧಾರಾಳವಾಗಿ ಕೊಟ್ಟಿದ್ದಾನೆ.

ಮೂಲಚಿತ್ರ ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಬರೆದದ್ದಂತೆ; ಅದರಲ್ಲಿ ತಾಯಿ, ಮಗು ಅಷ್ಟೇ, ಗಂಡ ಜೋಸೆಫರಿಲ್ಲ. ಫೋಟೋ ನೋಡಿಕೊಂಡು ನೀಲಿ ಸೆರಗು, ತೊಡೆಯ ಮೇಲಿನ ಕೂಸು ಹೇಗೋ ಮುಗಿಸಿದೆ. ಮುಖ ಮಾತ್ರ ಮಳೆಗಾಲವಿಡೀ ಸತಾಯಿಸಿತು. ಬರೆದಾಗಲೆಲ್ಲ ಅಲ್ಲಿ ನಮ್ಮ ನಾದಿನಿಯ ಮುಖವೇ ಬಂದು ಕೂಡುತ್ತಿತ್ತು, ಅದೂ ಸಿಟ್ಟಿನಲ್ಲಿ. ಕೊನೆಗೊಂದು ಗುರುವಾರ ತಾಯಿಯ ಮುಖ ಬಂತು. ಒಣಗಲೆಂದು ಹಾಲ್‌ನಲ್ಲಿ ಕುರ್ಚಿಗೆ ಒರಗಿಸಿಟ್ಟೆ.

ಪ್ರತಿ ಶುಕ್ರವಾರ ಹೊಸ್ತಿಲು, ಒಲೆ, ಮನೆಯ ದೇವಿಯರೆಲ್ಲರಿಗೂ ಕುಂಕುಮ ಹಚ್ಚುವುದು ಅತ್ತೆಯವರ ನೇಮ. ಆ ಶುಕ್ರವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೇರಿಯಮ್ಮನ ಹಸಿ ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ!

"ಏನ್ ಮಾಡಿದ್ರಿ ಅತ್ತಿ?"

"ತೊಡಿಮ್ಯಾಲೆ ಕೂಸು ಅದ, ನೀ ಬರೇ ಹಣೀಲೆ ಕೂಡಿಸೀದಿ!"

"ಅವರಾಗ ಹಚ್ಚೂದಿಲ್ರಿ."

"ಅವರಾಗ ಹಚ್ಚೂದಿಲ್ಲ ಖರೆ. ಈಗ ನಮ್ಮನ್ಯಾಗ ಕೂತಾಳಲ್ಲ?"

ಅಕ್ಷತೆ ಹಾಕಿರಲಿಲ್ಲ, ಅದೊಂದು ಪುಣ್ಯ. ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಕೈ ಎತ್ತಿದೆ. ಅತ್ತೆಯ ದನಿ ಇಳಿಯಿತು.

"ಮಡಿಲಾಗ ಕೂಸಿದ್ದಾಕಿ ಕುಂಕುಮ ಒರಸ್ತೀಯೇನ?"

ಕೈ ಅಲ್ಲೇ ನಿಂತಿತು. ಗಂಡ ಸತ್ತ ಮನೆಯಲ್ಲಿ ಮಾಡುವ ಕೆಲಸ ಅದು. ಕ್ಲಾಸಿನ ಸರ್‌ಗೆ ಫೋನ್ ಮಾಡಿದರೆ, "ಪುಸೂನ್ ಟಾಕಾ, ತಾಈ" ಎಂದರು. ಒರೆಸಿಬಿಡಬೇಕಂತೆ! ಗಂಡಸರಿಗೆ ಎಲ್ಲ ಸುಲಭ.

ಬಣ್ಣ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಕುಂಕುಮದ ಮೇಲೆಯೇ ನೀಲಿ ಹಚ್ಚಿ ಸೆರಗನ್ನು ಹುಬ್ಬಿನವರೆಗೆ ಇಳಿಸಿದೆ. ಮೇರಿಯಮ್ಮ ಮಾವನ ಎದುರು ಬಂದ ಹೊಸ ಸೊಸೆಯಂತೆ ಕಂಡಳು. ಆ ವಿಶಾಲ ಹಣೆಯೇ ಚಿತ್ರದ ಜೀವವೆಂದು ಸರ್ ಮೊದಲೇ ಹೇಳಿದ್ದರು. ಇರಲಿ, ಕಣ್ಣಾದರೂ ಉಳಿದವು.

ಆಂಟಿ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸೆರಗು ಇಷ್ಟು ಕೆಳಗಿರಲಿಲ್ಲ, ಅಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ದೇವರ ವಿಷಯದಲ್ಲಿ ಸುಳ್ಳು ನಾಲಗೆಗೆ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಪಟ ವಾಪಸು ಕೊಡುತ್ತಾರೆಂದು ಕೈಯನ್ನೂ ಮುಂದೆ ಚಾಚಿದ್ದೆ.

ಆಂಟಿ ನೀಲಿಯ ಕೆಳಗಿನ ಕುಂಕುಮದ ತರಿಯನ್ನು ಬೆರಳಿನಿಂದ ಸವರಿದರು.

"ಕುಂಕುಮ ಗಂಡನ ಆಯುಷ್ಯಕ್ಕೆ ಅಲ್ಲವಾ?"

"ಹೌದು."

"ಪಾಪ, ಜೋಸೆಫರ ಬಗ್ಗೆ ಇಷ್ಟು ದಿನ ಯಾರೂ ಯೋಚನೆ ಮಾಡಿರಲಿಲ್ಲ," ಎಂದು ಮೊಳೆ ಹುಡುಕಲು ಒಳಗೆ ಹೋದರು.